ರಾತ್ರಿ ಅಂದರೆ ಬರೀ ಬಿಯರ್ ಅಲ್ಲ

ಬಲ್ಗೇರಿಯಾದ ವೆಲಿಕೊ ಟರ್ನೊವೊ, ಯಂತ್ರಾ ನದಿ ಬಳಸಿ ಹರಿಯುವ ಗುಡ್ಡಗಳ ಮೇಲಿನ ಊರು. 1185ರಿಂದ 1393ರಲ್ಲಿ ಒಟ್ಟೋಮನ್ನರ ವಶವಾಗುವ ತನಕ ರಾಜಧಾನಿ. ಈಗ ಅದರ ರಾತ್ರಿಗಳನ್ನು ಕಾಯುವವರು ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು.

ಪ್ರವಾಸ ಬರಹಗಳು ಇಂಥ ಊರನ್ನು 'ಅಗ್ಗದ ಬಿಯರ್' ಎಂದು ಎರಡೇ ಪದದಲ್ಲಿ ಮುಗಿಸಿಬಿಡುತ್ತವೆ. ಅದು ಅನ್ಯಾಯ ಎನ್ನುವುದು ನಮ್ಮ ವಾದ. ತ್ಸಾರೆವೆಟ್ಸ್ ಕೋಟೆಯ ಧ್ವನಿ-ಬೆಳಕಿನ ಪ್ರದರ್ಶನವನ್ನೇ ನೋಡಿ. ಕೂತು ನೋಡುವವರು ಟಿಕೆಟ್ ಕೊಳ್ಳಬೇಕು. ಕೋಟೆಯೆದುರಿನ ಚೌಕದಲ್ಲಿ ನಿಂತರೆ ಇಡೀ ಗುಡ್ಡ ಬಣ್ಣ ಬದಲಿಸುವುದು ಪುಕ್ಕಟೆ ಕಾಣುತ್ತದೆ. ದಿನಾ ಇರುವುದಿಲ್ಲ, ವಿಚಾರಿಸಿಕೊಂಡೇ ಹೋಗಬೇಕು. ಆದರೆ ಇದ್ದ ದಿನ ಜೇಬಲ್ಲಿ ಕಾಸಿಲ್ಲದ ವಿದ್ಯಾರ್ಥಿಗೂ ಮೊಮ್ಮಗನ ಕೈ ಹಿಡಿದ ಅಜ್ಜಿಗೂ ಆ ರಾತ್ರಿಯಲ್ಲಿ ಸಮಪಾಲು.

ಕುಡಿತಕ್ಕೂ ಅಲ್ಲೊಂದು ಶಿಸ್ತಿದೆ. ಹಣ್ಣಿನಿಂದ ಇಳಿಸಿದ ರಾಕಿಯಾವನ್ನು ಗಟಗಟ ಕುಡಿಯುವುದಿಲ್ಲ. ಟೊಮೆಟೊ, ಸೌತೆಕಾಯಿ, ಬಿಳಿ ಚೀಸಿನ ಶೋಪ್ಸ್ಕಾ ಸಲಾಡ್ ಮುಂದಿಟ್ಟುಕೊಂಡು ಹರಟುತ್ತಾ ಗುಟುಕರಿಸುತ್ತಾರೆ.

ಗದ್ದಲದಿಂದ ನಿದ್ದೆಗೆಡುವ ನಿವಾಸಿಗಳ ಸಿಟ್ಟು ಸಹಜವೇ. ಸಂಗೀತ ಬೀದಿಗೆ ಚೆಲ್ಲದಂತೆ ಬಾರಿನವರು ಬಾಗಿಲು ಹಾಕಿಕೊಳ್ಳಲಿ. ಹಾಗಂತ ಹುಡುಗರನ್ನೇ ಶತ್ರುಗಳೆಂದು ಕಾಣಬಾರದು. 1980ರ ದಶಕದ ಕೊನೆಗೆ ಸುಮಾರು 90 ಲಕ್ಷವಿದ್ದ ಆ ದೇಶದ ಜನಸಂಖ್ಯೆ 2021ರ ಗಣತಿಯಲ್ಲಿ 65 ಲಕ್ಷಕ್ಕೆ ಇಳಿದಿತ್ತು. ದುಡಿಯುವ ವಯಸ್ಸಿನವರು ಜರ್ಮನಿ, ಸ್ಪೇನ್ ಎಂದು ಹೊರಟುಹೋಗುವ ನಾಡಿನಲ್ಲಿ, ಮಧ್ಯರಾತ್ರಿಯ ನಗು ಕೇಳಿಸುತ್ತಿದೆ ಎಂದರೆ ಊರಿನ್ನೂ ಖಾಲಿಯಾಗಿಲ್ಲ ಎಂದರ್ಥ.

ಹೋಗುವವರಿಗೊಂದು ಕಿವಿಮಾತು: ಅಲ್ಲಿ ತಲೆಯನ್ನು ಅಡ್ಡ ಆಡಿಸಿದರೆ 'ಹೌದು'. ಇನ್ನೊಂದು ಸುತ್ತು ಬೇಡವೆಂದು ನಾವು ತಲೆಯಾಡಿಸಿದರೆ ಲೋಟ ತುಂಬಿಯೇ ಬರುತ್ತದೆ!