ಕೂಸಿನ ಬಾಯಿ ಮುಚ್ಚಿಸಿ ಅಕ್ಷರ ಕಲಿಸೋಕಾಗಲ್ಲ

ಒಂದನೇ ಕ್ಲಾಸಿನ ಕೂಸೊಂದು ‘ಹಾಲು’ ಎಂಬ ಪದದ ಮೇಲೆ ಬೆರಳಿಟ್ಟು ‘ಆಲು’ ಎಂದು ಓದುತ್ತದೆ. ‘ಆಲಲ್ಲ, ಹಾಲು. ಸರಿಯಾಗಿ ಹೇಳು’ ಅಂತಾರೆ ಮೇಷ್ಟ್ರು. ಕೂಸು ಮತ್ತೆ ‘ಆಲು’ ಅನ್ನುತ್ತೆ. ಕ್ಲಾಸು ಗೊಳ್ಳನೆ ನಗುತ್ತದೆ. ಮಾರನೇ ದಿನದಿಂದ ಆ ಕೂಸು ಬಾಯಿ ಬಿಡೋದಿಲ್ಲ. ಹಿಂದಿನ ಸಾಲಲ್ಲಿ ಕುಂತು ಪಕ್ಕದವರ ಸ್ಲೇಟು ನೋಡಿ ಗೀಚುತ್ತದೆ. ವರ್ಷದ ಕೊನೆಗೆ ‘ಇವಕ್ಕೆಲ್ಲ ವಿದ್ಯೆ ಹತ್ತಲ್ಲ’ ಅನ್ನೋ ತೀರ್ಪು ಬರುತ್ತದೆ. ಇದನ್ನು ಬರೀತಿರೋ ನಾವು ಆ ಹಿಂದಿನ ಸಾಲಿನವರೇ.

ನಾವು ಕೇಳ್ತೀವಿ, ಆ ಕೂಸು ತಪ್ಪು ಓದಿತೇ? ಅಕ್ಷರ ನೋಡಿತು, ಕೂಡಿಸಿತು, ಅರ್ಥ ಹಿಡಿಯಿತು. ಲೋಟದೊಳಗಿನ ಬೆಳ್ಳನೆ ಹಾಲು ಅದರ ಕಣ್ಮುಂದೆ ಬಂತು. ಓದು ಅಂದರೆ ಇದೇ. ಅವ್ವ ಅನ್ನೋ ಹಂಗೆ ಅಂದಿತು, ಅಷ್ಟೆ. ಮೈಸೂರು, ಮಂಡ್ಯ, ಚಾಮರಾಜನಗರದ ಕಡೆ ‘ಹ’ಕಾರ ನುಂಗಿ ಮಾತಾಡೋರು ಕೇರಿಯವರು ಮಾತ್ರವೇ? ಊರಿನವರೂ ಹಂಗೇ ಮಾತಾಡ್ತಾರೆ. ಆದರೆ ಅದು ಕೇರಿಯ ಬಾಯಿಂದ ಬಂದಾಗ ಅದಕ್ಕೆ ಜಾತಿ ಅಂಟುತ್ತದೆ.

‘ಹ’ಕಾರ ಕಲಿಸಬೇಡಿ ಅಂತ ನಾವು ಹೇಳ್ತಿಲ್ಲ. ಬರವಣಿಗೆಯ ಕನ್ನಡ ನಮ್ಮ ಮಕ್ಕಳಿಗೆ ಬೇಕೇ ಬೇಕು. ಅದಿಲ್ಲದೆ ಅರ್ಜಿ ಬರೆಯೋಕಾಗಲ್ಲ, ಪರೀಕ್ಷೆ ಪಾಸು ಮಾಡೋಕಾಗಲ್ಲ. ಆದರೆ ಮೊದಲು ಕೂಸು ಅಂಜದೆ ಓದಲಿ. ತನ್ನ ಮಾತನ್ನೇ ನಾಕಕ್ಷರದಲ್ಲಿ ಬರೀಲಿ. ಅಂಜಿಕೆ ಹೋದಮೇಲೆ ‘ಹ’ ತಾನೇ ಬರುತ್ತದೆ.

ಬಾಬಾಸಾಹೇಬರು ಸಾತಾರದ ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಾಟಿನ ಮೇಲೆ ಬೇರೆ ಕೂತು ಓದಿದರು. ಇವತ್ತು ಮಕ್ಕಳು ಒಂದೇ ಚಾಪೆ ಮೇಲೆ ಕೂತರೂ ನಮ್ಮ ಮಾತನ್ನು ಇನ್ನೂ ಗೋಣಿತಾಟಿನ ಮೇಲೆ ಕೂರಿಸಿದ್ದಾರೆ.

ಬೇರೆ ದಾರಿ ಇಲ್ಲವೇ? ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಮೇಷ್ಟ್ರುಗಳೇ ನಲಿ-ಕಲಿ ಶುರು ಮಾಡಿದರು. ಅಲ್ಲಿ ಅ ಆ ಇ ಈ ಬಾಯಿಪಾಠದಿಂದ ಶುರುವಿಲ್ಲ. ರ, ಗ, ಸ, ದ, ಅ – ಐದೇ ಅಕ್ಷರ. ಐದು ಬಂದರೆ ಸಾಕು, ಕೂಸು ಸರ, ದರ, ಗರಗಸ ಓದುತ್ತದೆ. ಅರಸ ಓದುತ್ತದೆ, ಅಗಸ ಓದುತ್ತದೆ. ಅರಸನಿಗೆ ಒಂದು ಅಕ್ಷರ, ಅಗಸನಿಗೆ ಒಂದು ಅಕ್ಷರ ಅಂತ ಭೇದ ಅಲ್ಲಿಲ್ಲ. ಕಾರ್ಡು, ಹಾಡು, ಗುಂಪು, ಮೆಟ್ಟಿಲು. ಅವ್ವ-ಅಪ್ಪನ ಜೊತೆ ಕೂಲಿಗೆ ಗುಳೆ ಹೋದ ಕೂಸು ವಾಪಸು ಬಂದಾಗ ತಾನು ಬಿಟ್ಟ ಮೆಟ್ಟಿಲಿಂದಲೇ ಹತ್ತಬಹುದು. ನಮ್ಮ ಮಕ್ಕಳಿಗೆ ಬೇಕಾದದ್ದೇ ಇದು.

ಆದರೆ ಒಂದು, ಎರಡು, ಮೂರನೇ ಕ್ಲಾಸು ಸೇರಿಸಿ ಒಬ್ಬರೇ ಮೇಷ್ಟ್ರ ಕೈಗೆ ಕೊಟ್ಟು, ಅವರ ತಲೆ ಮೇಲೆ ದಾಖಲೆ ಪುಸ್ತಕ, ಸಭೆ, ಸಮೀಕ್ಷೆ ಹೇರಿದರೆ ನಲಿಯೋದು ಯಾವಾಗ, ಕಲಿಯೋದು ಯಾವಾಗ? ಒಳ್ಳೆಯ ಪದ್ಧತಿಯನ್ನು ಹೀಗೆ ಸೊರಗಿಸಿ, ಆಮೇಲೆ ಅದೇ ಸರಿಯಿಲ್ಲ ಅಂತಾರೆ.

ಕಾನೂನಿನ ಕತೆಯೂ ಕೇಳಿ. ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷದೊಳಗೆ ಶಿಕ್ಷಣ ಕೊಡಲು ಯತ್ನಿಸಬೇಕು ಎಂದು 1950ರ ಸಂವಿಧಾನ ಹೇಳಿತು. ಅಂದರೆ 1960ಕ್ಕೆ. ಹಕ್ಕಿನ ಕಾಯ್ದೆ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ ಒಂದಕ್ಕೆ. ಅದೂ ಆರು ವರ್ಷ ತುಂಬಿದ ಮೇಲೆ. ಆರಕ್ಕೆ ಮುಂಚೆ? ದುಡ್ಡಿದ್ದವರ ಕೂಸು ಎಲ್‌ಕೆಜಿ, ಯುಕೆಜಿ ಮುಗಿಸಿರುತ್ತದೆ. ನಮ್ಮದು ಅಂಗನವಾಡಿಯಲ್ಲಿರುತ್ತದೆ. 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ನಮ್ಮ ರಾಜ್ಯದ ಅಂಗನವಾಡಿ ಶುರುವಾಯಿತು. ಹೊಟ್ಟೆಗೆ ಒಂದಿಷ್ಟು ಕೊಟ್ಟಿತು, ಅದಕ್ಕೆ ಋಣಿಗಳು. ಆದರೆ ಅಡುಗೆ, ತೂಕ, ಲೆಕ್ಕ ಎಲ್ಲ ಮಾಡೋ ಆ ಹೆಣ್ಣುಮಗಳನ್ನು ಇವತ್ತಿಗೂ ಸರ್ಕಾರ ನೌಕರಳು ಅನ್ನದೆ ಗೌರವಧನ ಕೊಟ್ಟು ಸಾಗಹಾಕುತ್ತಿದೆ. ಅವಳು ಕತೆ ಯಾವಾಗ ಹೇಳಬೇಕು?

ಇನ್ನು ನಮ್ಮ ಮಾತು. ಡಿಗ್ರಿ ಮಾಡಿಕೊಂಡು ಕವನ ಬರೆಯೋ ನಾವು ಕೇರಿಯಲ್ಲಿ ಏನು ಮಾಡ್ತಿದ್ದೀವಿ? 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆ ಚಿಕ್ಕ ಮಕ್ಕಳಿಗೆ ತೆರೆದದ್ದು 2021ರ ಅಕ್ಟೋಬರಿನಲ್ಲಿ. ಒಂದೂವರೆ ವರ್ಷ ದಾಟಿತು. ಫೋನಿಲ್ಲದ ಮನೆಗಳ ಮಕ್ಕಳು ಕಲಿತಿದ್ದನ್ನೂ ಮರೆತರು. ಆಗಲೂ ನಮ್ಮ ಅಂಬೇಡ್ಕರ್ ಭವನಗಳಿಗೆ ಬೀಗ. ಏಪ್ರಿಲ್ 14ಕ್ಕೆ ತೆಗೆದು ಮತ್ತೆ ಹಾಕೋ ಬೀಗ.

ಆ ಬೀಗ ತೆಗೆಯೋಣ. ಸಂಜೆ ಒಂದು ಗಂಟೆ ಸಾಕು. ಕೂಸಿನ ಹೆಸರನ್ನು ಅದರ ಮುಂದೆಯೇ ದೊಡ್ಡದಾಗಿ ಬರೆಯಿರಿ. ಅದು ಹೇಳಿದ ಕತೆಯನ್ನು, ಅದು ಹೇಳಿದ ಹಂಗೇ, ಬರೆದು ಗೋಡೆಗೆ ಅಂಟಿಸಿ ಓದಿಸಿ. ರೇಷನ್ ಕಾರ್ಡು, ಬಸ್ಸಿನ ಬೋರ್ಡು, ಕೂಲಿಯ ಜಾಬ್ ಕಾರ್ಡು ಎಲ್ಲವೂ ಪಠ್ಯವೇ. ಅಜ್ಜಿಯನ್ನು ಕರೆತಂದು ಒಗಟು ಹೇಳಿಸಿ. ಮೇಷ್ಟ್ರನ್ನು ಬೈಯೋಕೆ ಮುಂಚೆ ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋಗಿ, ಕ್ಲಾಸಿಗೊಬ್ಬ ಮೇಷ್ಟ್ರು ಬೇಕು ಅಂತ ಬರೆಸಿ.

ಭೂಮಿ ಕೇಳ್ತೀವಿ, ನೀರು ಕೇಳ್ತೀವಿ, ಕೂಲಿ ಕೇಳ್ತೀವಿ. ನಾಳೆ ಅದನ್ನೆಲ್ಲ ಕೇಳಬೇಕಾದ ಬಾಯಿ ಈಗ ಒಂದನೇ ಕ್ಲಾಸಿನಲ್ಲಿದೆ. ಅದು ‘ಆಲು’ ಅಂದರೆ ಅನ್ನಲಿ, ಯಾರೂ ನಗಬೇಡಿ.

ಜೈ ಭೀಮ್.