ಗೋಡೆಗೆ ಬಣ್ಣ ಬರಲಿ, ಕೇರಿ ಗೋಡೆಗೂ ಬರಲಿ



ಕಡಲ ದಂಡೆಯ ಮಂಗಳೂರಿನಲ್ಲಿ ರಾಮಕೃಷ್ಣ ಮಠದ ಸ್ವಚ್ಛತಾ ಅಭಿಯಾನದವರು ಕಸ ಬೀಳುತ್ತಿದ್ದ, ಪೋಸ್ಟರ್ ಅಂಟುತ್ತಿದ್ದ ಗೋಡೆಗಳನ್ನು ತೊಳೆದು ಚಿತ್ರ ಬರೆಸಿದರು. ಅಂಥವು ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗೂ ಬರಲಿ ಅಂದರೆ ನಾನೂ ಕೈ ಎತ್ತುತೀನಿ. ಬಸ್ ಸ್ಟ್ಯಾಂಡ್ ಕಾಂಪೌಂಡ್ ಗುಟ್ಕಾ ಉಗುಳಿನಿಂದ ಕೆಂಪಾಗಿರೋದಕ್ಕಿಂತ ಚಿತ್ರದಿಂದ ಕೆಂಪಾಗೋದು ವಾಸಿ ಅಲ್ಲೇನ್ರಿ?

ಆದರೆ ಬಣ್ಣದ ಡಬ್ಬಿ ಮುಚ್ಚಳ ತೆಗೆಯೋ ಮುಂಚೆ ಮೂರು ಮಾತು.

ಒಂದು, ಯಾರ ಚಿತ್ರ? ಹಡಗಲಿ ಮಲ್ಲಿಗೆ, ಮೈಲಾರದ ಕಾರ್ಣಿಕ, ಗುಡೇಕೋಟೆ ಕರಡಿ, ಬಾಗಳಿ ಕಲ್ಲೇಶ್ವರ ಗುಡಿ, ಕೊಟ್ಟೂರು ತೇರು. ಇವನ್ನು ಯಾರೂ ಹೇಳದಿದ್ದರೂ ಬರೀತಾರೆ. ಕೊಟ್ಟೂರಿನ ತೇರು ಹೊರಡೋದು ದಲಿತ ಹೆಣ್ಣುಮಕ್ಕಳು ಆರತಿ ಬೆಳಗಿದ ಮೇಲೆ. ತೇರು ಬರೆದು ಆ ಹೆಣ್ಣುಮಕ್ಕಳನ್ನು ಬಿಟ್ಟರೆ ಅದು ಅರ್ಧ ಚಿತ್ರ. ದೇವದಾಸಿ ನಿಷೇಧ ಕಾಯ್ದೆ 1982ರಲ್ಲೇ ಬಂತು. ಕೊರಳ ಮುತ್ತು ಬಿಚ್ಚಿಟ್ಟು ಮಕ್ಕಳನ್ನು ಓದಿಸಿದ ತಾಯಂದಿರು ಈ ಸೀಮೆಯಲ್ಲಿದ್ದಾರೆ. ಅವರ ಹೆಸರು, ಮುಖ ಬೇಡ. ಮುತ್ತು ಬಿಚ್ಚಿದ ಎರಡು ಕೈ, ಪಾಟಿಚೀಲ ಹಾಕಿಕೊಂಡ ಒಬ್ಬ ಮಗಳು, ಇಷ್ಟು ಬರೀರಿ ಸಾಕು.

ಎರಡು, ಯಾರ ಕೈ? ಫ್ಲೆಕ್ಸ್ ಬಂದ ಮೇಲೆ ಬ್ರಶ್ ಹಿಡಿದು ಬೋರ್ಡ್ ಬರೆಯುತ್ತಿದ್ದವರ ಹೊಟ್ಟೆ ಮೇಲೆ ಬರೆ ಬಿತ್ತು. ಹೊರಗಿನ ಏಜೆನ್ಸಿಗೆ ಟೆಂಡರ್ ಕೊಡೋ ಬದಲು ಅವರನ್ನು ಕರೀರಿ, ಕೂಲಿ ಸರಿಯಾಗಿ ಕೊಡ್ರಿ. ಬೆಂಗಳೂರಿನ ಅರವಾಣಿ ಆರ್ಟ್ ಪ್ರಾಜೆಕ್ಟ್‌ನಲ್ಲಿ 2016ರಿಂದ ಟ್ರಾನ್ಸ್ ಮಹಿಳೆಯರೇ ಗೋಡೆ ಮುಂದೆ ನಿಂತು ತಮ್ಮ ಬದುಕು ಬರೀತಿದ್ದಾರೆ. ನಮ್ಮ ಕೇರಿ ಹುಡುಗ ಹುಡುಗಿಯರಿಗೂ ಆ ಬ್ರಶ್ ಸಿಗಲಿ. ಎಸ್‌ಸಿ, ಎಸ್‌ಟಿಗೆ ಮೀಸಲಿಟ್ಟ ಶೇ 24.10ರ ದುಡ್ಡನ್ನು ಮಾತ್ರ ಪೇಟೆ ಗೋಡೆಯ ಬಣ್ಣಕ್ಕೆ ಮುಟ್ಟಬೇಡ್ರಿ.

ಮೂರು, ಯಾವ ಗೋಡೆ? ಮೇನ್ ರೋಡಿಗೆ ಕಾಣೋ ಗೋಡೆಗೆ ಮಾತ್ರ ಬಣ್ಣ ಹಚ್ಚಿ, ಕೇರಿ ತಿರುವಿಗೆ ಬಂದ ಕೂಡಲೇ ನಿಲ್ಲಿಸಿದರೆ ಅದು ಬಣ್ಣದಲ್ಲಿ ಎಳೆದ ಗಡಿ. ಹಾಸ್ಟೆಲ್, ಅಂಗನವಾಡಿ, ಅಂಬೇಡ್ಕರ್ ಭವನದ ಗೋಡೆಗಳೂ ಊರಿನವೇ.

ಹಂಗಂತ ತುಂಬಿದ ಚರಂಡಿ ಮೇಲಿನ ಗೋಡೆಗೆ ನವಿಲು ಬರೆದು ಹೋಗಬೇಡ್ರಿ. ಆ ಚರಂಡಿ ಬಳಿಯೋರು ಯಾರ ಮನೆಯ ಮಕ್ಕಳು ಅನ್ನೋದು ಎಲ್ಲರಿಗೂ ಗೊತ್ತು. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ರಸ್ತೆ ಗುಂಡಿಯಲ್ಲಿ ಮೊಸಳೆ ಮಾಡಿ ಇಟ್ಟರು. ಅದು ಸುದ್ದಿಯಾಗಿ ಗುಂಡಿ ಮುಚ್ಚಿತು. ಕೊಳಕು ಮುಚ್ಚೋದಕ್ಕೆ ಬಳಸೋ ಬಣ್ಣಾನೇ ಕೊಳಕು ತೋರಿಸೋದಕ್ಕೂ ಬರುತ್ತೆ.

ಗೋಡೆ ಮೇಲೆ ಯಾರಿದ್ದಾರೋ ಊರು ಅವರದು ಅಂತ ಶಾಲೆಗೆ ಹೋಗೋ ಮಗು ಕಲಿಯುತ್ತೆ. ಅದಕ್ಕೇ ಇಷ್ಟು ತಕರಾರು.

ಪುರಸಭೆ, ಪಟ್ಟಣ ಪಂಚಾಯಿತಿಯವರೇ, ಗೋಡೆಗೆ ಸುಣ್ಣ ಹೊಡೆಯೋ ಮುಂಚೆ ಕೇರಿಗೆ ಬಂದು ಒಂದು ಸಭೆ ಕರೀರಿ. ಚಿತ್ರ ಯಾವುದು ಅಂತ ನಾವೂ ಹೇಳ್ತೀವಿ. ಆ ಕೇರಿಗಳಲ್ಲಿರೋ ಗೆಳೆಯರೇ, ಕರೆಯದಿದ್ದರೆ ನೀವೇ ಅರ್ಜಿ ಕೊಡ್ರಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳೋದು ಮರೀಬೇಡ್ರಿ.

ಜೈಭೀಮ್.