ಆರುನೂರು ರೂಪಾಯಿಯ ಲೆಕ್ಕ

ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡವರಿಗೆ ಸರ್ಕಾರ ದುಡ್ಡು ಕೊಡುವುದು ಸರಿಯೇ? ಸರಿ ಎನ್ನುವವರು ಅದನ್ನು ತಪ್ಪಿದ ಕೂಲಿಗೆ ಕೊಡುವ ಪರಿಹಾರ ಅನ್ನುತ್ತಾರೆ. ಕಡತದಲ್ಲೂ ಹಾಗೇ ಇದೆ. ದರಪಟ್ಟಿ ಮಾತ್ರ ಬೇರೆ ಮಾತು ಹೇಳುತ್ತದೆ.

2007ರಲ್ಲಿ ಕೇಂದ್ರ ಪರಿಷ್ಕರಿಸಿದ ಪಟ್ಟಿಯಂತೆ, ಕರ್ನಾಟಕದಂಥ ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಟ್ಯೂಬೆಕ್ಟಮಿಗೆ ಬಂದ ಬಿಪಿಎಲ್, ಪರಿಶಿಷ್ಟ ಜಾತಿ, ಪಂಗಡದ ಹೆಂಗಸಿಗೆ 600 ರೂಪಾಯಿ, ಉಳಿದವರಿಗೆ 250. ವ್ಯಾಸೆಕ್ಟಮಿ ಮಾಡಿಸಿಕೊಂಡ ಗಂಡಸಿಗೆ 1,100. ಹೊಟ್ಟೆ ಕೊಯ್ಸಿಕೊಂಡು ಹೆಚ್ಚು ದಿನ ಮಲಗುವವಳು ಹೆಂಗಸು. ಬೇಗ ಕೆಲಸಕ್ಕೆ ಏಳುವವನು ಗಂಡಸು. ಕೂಲಿಯ ಲೆಕ್ಕವಾಗಿದ್ದರೆ ಅಂಕಿಗಳು ತಿರುವುಮುರುವಾಗಬೇಕಿತ್ತು. ಒಲ್ಲದವನಿಗೂ ಇಲ್ಲದವಳಿಗೂ ಹೆಚ್ಚು ಕೊಡುವುದು ಆಮಿಷದ ಲೆಕ್ಕ.

ಆಮಿಷವಾಗಿಯೂ ಅದು ಸೋತಿದೆ ಅನ್ನಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇ. 57ರಷ್ಟು ಮಂದಿ ಆಪರೇಷನ್ ಆದವರು; ಗಂಡಸರ ಪಾಲು ಸೊನ್ನೆಗೆ ಹತ್ತಿರ. ಹೆಚ್ಚು ದುಡ್ಡಿಗೂ ಗಂಡಸು ಬಗ್ಗಲಿಲ್ಲ. ಹೆಂಗಸು ಬಂದದ್ದೂ ದುಡ್ಡಿಗಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಂಥ ಸೀಮೆಯಲ್ಲಿ ಮಳೆ ನಂಬಿ ಮೆಕ್ಕೆಜೋಳ, ಶೇಂಗಾ ಹಾಕುತ್ತಾರೆ. ಬೆಳೆ ಕೈಕೊಟ್ಟರೆ ಗುಳೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಕಾಫಿ ತೋಟಕ್ಕೋ ಕಂಕುಳಲ್ಲಿ ಕೂಸು ಹೊತ್ತು ಹೊರಡುವವಳಿಗೆ ಇನ್ನೊಂದು ಬಸಿರು ಬೇಡವಾಗಿರುತ್ತದೆ. "ಎರಡಾದ್ವಲ್ಲ, ಬಾಣಂತನದಾಗ ಆಪರೇಷನ್ನೂ ಮುಗಿಸಿಬಿಡ್ರಿ" ಎಂದು ಅತ್ತೆಯೇ ಅನ್ನುತ್ತಾಳೆ. (ಮಗನಿಗೆ ಮಾಡಿಸಿ ಅನ್ನುವ ಅತ್ತೆ ಅಪರೂಪ.) 2024–25ರಲ್ಲಿ ಉದ್ಯೋಗ ಖಾತ್ರಿ ಕೂಲಿಯೇ ದಿನಕ್ಕೆ 349 ರೂಪಾಯಿ. ಎರಡು ದಿನದ ದುಡಿಮೆಗೂ ಸಾಲದ ದುಡ್ಡಿಗೆ ಅವಳು ಬಸಿರು ಮಾರಿಕೊಂಡಳು ಅನ್ನುವುದು ಅವಳ ಬುದ್ಧಿಗೆ ಮಾಡುವ ಅವಮಾನ.

ಹಾಗಾದರೆ ಕೊಟ್ಟರೇನು ಕೇಡು? ಕೇಡಿರುವುದು ಮೊತ್ತ ಏರಿದಾಗ. 1971ರ ಜುಲೈನಲ್ಲಿ ಕೇರಳದ ಎರ್ನಾಕುಲಂನ ಆಪರೇಷನ್ ಶಿಬಿರದಲ್ಲಿ ಹಣ, ಉಡುಗೊರೆ ಹೆಚ್ಚಿಸಿದ್ದರಿಂದ ಒಂದೇ ತಿಂಗಳಲ್ಲಿ 60 ಸಾವಿರಕ್ಕೂ ಹೆಚ್ಚು ವ್ಯಾಸೆಕ್ಟಮಿ ನಡೆದವು. ಅಷ್ಟು ಜನರ ಮನಸ್ಸು ಒಂದೇ ತಿಂಗಳಲ್ಲಿ ಬದಲಾಯಿತೆಂದು ನಾನು ನಂಬಲಾರೆ. ಬರಗಾಲದ ಮನೆಯಲ್ಲಿ ಸಣ್ಣ ಮೊತ್ತವೂ ಹಾಗೆಯೇ ದೊಡ್ಡದಾಗುತ್ತದೆ. ಹಸಿವು ತೀರಿದ ಮೇಲೆ ಮನಸ್ಸು ಬದಲಾದರೆ, ಕೊಯ್ದ ನಾಳ ಸುಲಭಕ್ಕೆ ಕೂಡದು.

ಇನ್ನೂ ದೊಡ್ಡ ಕೇಡು, ತಲೆಗಿಷ್ಟೆಂದು ಕರೆತಂದವರಿಗೂ ಕೊಯ್ದವರಿಗೂ ಕೊಡುವ ಹಣದಲ್ಲಿದೆ. 2014ರ ನವೆಂಬರ್‌ನಲ್ಲಿ ಛತ್ತೀಸಗಢದ ಬಿಲಾಸ್‌ಪುರ ಜಿಲ್ಲೆಯ ಶಿಬಿರದಲ್ಲಿ ಒಬ್ಬ ವೈದ್ಯರು ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಹತ್ತಕ್ಕೂ ಹೆಚ್ಚು ಜೀವ ಹೋದವು. ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಮಲಗಿದಷ್ಟೂ ದಿನಕ್ಕೆ ಖಾತ್ರಿ ದರದಲ್ಲೇ ಕೂಲಿ ಕೊಡಲಿ, ಜಾತಿ, ಕಾರ್ಡು ನೋಡದೆ. ತಲೆಗಿಷ್ಟು ಅನ್ನುವುದು ನಿಲ್ಲಲಿ. ಅದು ನಿಂತರೆ ಮೊದಲ ಪೆಟ್ಟು ಬೀಳುವುದು ಹೆಂಗಸರನ್ನು ಕರೆತರುವ ಆಶಾ ಕಾರ್ಯಕರ್ತೆಗೆ, ನಿಜ, ಅವಳೂ ಬಡವಿಯೇ. ಅದಕ್ಕೇ 2025ರಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತು ಅವಳು ಕೇಳಿದ ನಿಗದಿತ ತಿಂಗಳ ದುಡ್ಡನ್ನು ಮೊದಲು ಕೊಡಬೇಕು.